ಹಿತ್ತಲಿನ ಹಲ್ಲಿಗೂ ಒಂದು ಟೈಮ್‌ಟೇಬಲ್ ಇದೆ

(ಹವ್ಯಾಸಿ ಫೋಟೋಗ್ರಾಫರ್‌ಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ತೆರೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಕೆಲವು ಕಡೆ ವಿವರ ಸ್ವಲ್ಪ ಜಾಸ್ತಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಲ್ಲಿ ಫೋಟೋ ಚೆನ್ನಾಗಿ ಬರುತ್ತಿಲ್ಲ ಅಂತ ಬರುವವರು ಮೊದಲು ಕೇಳುವುದು ಲೆನ್ಸ್ ಬಗ್ಗೆ. ನಾನು ತಿರುಗಿ ಕೇಳುವುದು, ಫೋಟೋ ತೆಗೆದಾಗ ಗಂಟೆ ಎಷ್ಟಾಗಿತ್ತು, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು ಅಂತ. ಇದಕ್ಕೆ ಥಟ್ಟನೆ ಉತ್ತರ ಕೊಡುವವರು ಕಮ್ಮಿ. ಆದರೆ ಅಸಲಿ ಕೆಲಸ ಇರುವುದು ಅಲ್ಲೇ. ಹುಲಿ ಫೋಟೋ ಬೇಕಾದರೆ ಕಾಡಿಗೆ ಹೋಗಿ ಅದೃಷ್ಟ ನಂಬಿ ಕೂರಬೇಕು. ಹಿತ್ತಲಿನ ಹಲ್ಲಿಗೆ ಅಷ್ಟೆಲ್ಲ ಅದೃಷ್ಟ ಬೇಕಿಲ್ಲ. ಹೆಚ್ಚುಕಮ್ಮಿ ಇಂಥ ಹೊತ್ತಿಗೆ, ಇಂಥ ಕಡೆ ಅದು ಬಂದೇ ಬರುತ್ತದೆ. ಆ ಹೊತ್ತು, ಆ ಜಾಗ ಗೊತ್ತಾದರೆ ಅರ್ಧ ಫೋಟೋ ಮುಗಿದ ಹಾಗೆ.

ಮೊದಲು ಯಾರ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಹೇಳಿಬಿಡುತ್ತೇನೆ. ಜಗತ್ತಿನಲ್ಲಿ ಹಲ್ಲಿ ಬಳಗದ 7,000ಕ್ಕೂ ಜಾಸ್ತಿ ಜಾತಿಗಳಿವೆ. 2021ರಲ್ಲಿ ಮಡಗಾಸ್ಕರ್‌ನಿಂದ ವರದಿಯಾದ ಬ್ರೂಕೇಸಿಯಾ ನಾನಾ ಅನ್ನುವ ಗೋಸುಂಬೆಯ ಗಂಡು, ಬಾಲ ಬಿಟ್ಟರೆ 13.5 ಮಿಲಿಮೀಟರ್ ಉದ್ದ ಅಷ್ಟೇ. ಅಂಥದ್ದನ್ನು ಹುಡುಕಿಕೊಂಡು ನಾವು ಹೋಗುತ್ತಿಲ್ಲ. ಇವತ್ತಿನ ಮಾತು ಮೂವರ ಬಗ್ಗೆ. ಗೋಡೆ ಹತ್ತುವ ಹಲ್ಲಿ, ಬೇಲಿಯ ಮೇಲೆ ಕೂರುವ ಓತಿಕ್ಯಾತ, ತರಗೆಲೆಯ ಕೆಳಗೆ ಸರಿದಾಡುವ ಹಾವುರಾಣಿ. ಈ ಮೂರರ ಗುಣ ಅರ್ಥವಾದರೆ ಬೇರೆ ಎಲ್ಲಿ ಹೋದರೂ ಅಲ್ಲಿನ ಸಣ್ಣಪುಟ್ಟ ಹಲ್ಲಿಗಳನ್ನು ಹುಡುಕುವುದು ಕಷ್ಟವಲ್ಲ.

ಇವು ಯಾವುವೂ ನಮ್ಮ ಹಾಗೆ ಮೈಯೊಳಗೇ ಶಾಖ ಹುಟ್ಟಿಸಿಕೊಳ್ಳುವುದಿಲ್ಲ. ಹೊರಗಿನಿಂದ ಪಡೆಯಬೇಕು. ಬಿಸಿಲು ಕಾಯುವ ಬಹಳಷ್ಟು ಜಾತಿಗಳು ಚುರುಕಾಗಿ ಓಡಾಡಬೇಕಾದರೆ ಮೈ ಬಿಸಿ 30ರಿಂದ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಅದಕ್ಕಿಂತ ಕಮ್ಮಿಯಾದರೆ ಓಡಲೂ ಆಗದು, ತಿಂದದ್ದು ಅರಗುವುದೂ ನಿಧಾನ. ಜಾಸ್ತಿಯಾದರೆ ಜೀವಕ್ಕೇ ಕುತ್ತು. ಹಾಗಾಗಿ ದಿನವಿಡೀ ಅದರ ಕಸುಬು ಒಂದೇ: ಬಿಸಿಲಿಗೆ ಬರುವುದು, ನೆರಳಿಗೆ ಹೋಗುವುದು, ಮತ್ತೆ ಬಿಸಿಲಿಗೆ ಬರುವುದು. ನಡುವೆ ಬಿಡುವು ಸಿಕ್ಕಾಗ ಹುಳ ಹಿಡಿಯುವುದು.

ಇದನ್ನು ತಲೆಯಲ್ಲಿಟ್ಟುಕೊಂಡು ನಿಮ್ಮ ಹಿತ್ತಲನ್ನು ಒಮ್ಮೆ ನೋಡಿ. ಬೆಳಗಿನ ಮೊದಲ ಬಿಸಿಲು ಎಲ್ಲಿ ಬೀಳುತ್ತದೆ? ಪೂರ್ವಕ್ಕೆ ಮುಖ ಮಾಡಿದ ಗೋಡೆ, ಮೆಟ್ಟಿಲಿನ ಅಂಚು, ಕಲ್ಲಿನ ನೆತ್ತಿ, ಬೇಲಿ ಗೂಟದ ತುದಿ. ಅದರಿಂದ ಒಂದೆರಡು ಅಡಿ ದೂರದಲ್ಲಿ ಓಡಿ ಅವಿತುಕೊಳ್ಳಲು ಬಿರುಕೋ ಪೊದೆಯೋ ಇದೆಯಾ? ಬಿಸಿಲು ಮತ್ತು ಸಂದಿ ಎರಡೂ ಪಕ್ಕಪಕ್ಕ ಇದ್ದರೆ ಅಲ್ಲೇ ಕೂತು ಕಾಯಿರಿ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತ ಗಾದೆ ಇದೆಯಲ್ಲ, ಫೋಟೋ ತೆಗೆಯುವವರು ಅದನ್ನು ಗಾದೆ ಅನ್ನುವುದಕ್ಕಿಂತ ವಿಳಾಸ ಅಂತ ಓದಿಕೊಳ್ಳುವುದು ಒಳ್ಳೆಯದು.

ಬೆಳಗ್ಗೆ ಹೊರಗೆ ಬಂದ ಓತಿಕ್ಯಾತ ಸುಮ್ನೆ ಕೂರುವುದಿಲ್ಲ. ಪಕ್ಕೆಲುಬು ಅಗಲಿಸಿ ಮೈಯನ್ನು ಚಪ್ಪಟೆ ಮಾಡಿಕೊಳ್ಳುತ್ತದೆ. ಬಿಸಿಲಿನ ಕಡೆಗೆ ವಾಲುತ್ತದೆ. ಆಗ ಬೆನ್ನಿನ ಅಗಲ ಇದ್ದಕ್ಕಿದ್ದ ಹಾಗೆ ಹೆಚ್ಚಿ ಕಾಣುತ್ತದೆ, ಹುರುಪೆಗಳು ಒಂದೊಂದೂ ಬಿಡಿಬಿಡಿಯಾಗಿ ಎದ್ದು ತೋರುತ್ತವೆ. ಓರೆ ಬೆಳಕು ಕೂಡ ಆಗಲೇ ಇರುತ್ತದೆ. ನನ್ನ ಪ್ರಕಾರ ಇಡೀ ದಿನದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ನಡು ಮಧ್ಯಾಹ್ನ ಬೆಳಕು ನೆತ್ತಿಯ ಮೇಲಿಂದ ಸುರಿಯುತ್ತದೆ, ಹಲ್ಲಿಯೂ ನೆರಳು ಸೇರಿರುತ್ತದೆ, ನೀವೂ ಮನೆಯೊಳಗೆ ಇರುವುದು ವಾಸಿ. ಇಳಿಹೊತ್ತಿನಲ್ಲಿ ಇನ್ನೊಂದು ಅವಕಾಶ. ಪಡುವಣದ ಗೋಡೆ ಮಧ್ಯಾಹ್ನದಿಂದ ಬಿಸಿಲಿಗೆ ಕಾದಿರುತ್ತದೆ. ಕತ್ತಲಾದ ಮೇಲೂ ಆ ಬಿಸಿ ಸ್ವಲ್ಪ ಹೊತ್ತು ಉಳಿಯುತ್ತದೆ. ರಾತ್ರಿ ಪಾಳಿಯ ಹಲ್ಲಿಗಳನ್ನು ಹುಡುಕಲು ಅಲ್ಲಿಂದ ಶುರು ಮಾಡಿ.

ಕಣ್ಣಿಗೆ ಬೀಳದಿದ್ದರೂ ಅದು ಅಲ್ಲಿದೆ ಅಂತ ತಿಳಿಯುವುದು ಹೇಗೆ? ಹಿಕ್ಕೆ ನೋಡಿ. ನಗಬೇಡಿ, ಇದಕ್ಕಿಂತ ಗಟ್ಟಿ ಸುಳಿವು ಇಲ್ಲ. ಹಲ್ಲಿಯ ಹಿಕ್ಕೆ ಕಪ್ಪಗೆ, ಸಣ್ಣ ಕಡ್ಡಿಯ ಹಾಗಿರುತ್ತದೆ, ಒಂದು ತುದಿಯಲ್ಲಿ ಬಿಳಿ ಚುಕ್ಕೆ. ಆ ಬಿಳಿ ಯೂರಿಕ್ ಆಮ್ಲ. ಹಲ್ಲಿಗಳು ನೀರು ಉಳಿಸಲು ಮೂತ್ರವನ್ನು ಹೀಗೆ ಗಟ್ಟಿಯಾಗಿಯೇ ಹೊರಹಾಕುತ್ತವೆ. ಇಲಿ ಹಿಕ್ಕೆಗೆ ಈ ಬಿಳಿ ತುದಿ ಇರುವುದಿಲ್ಲ. ನೆಲದಲ್ಲೋ ಕಿಟಕಿ ಕಟ್ಟೆಯಲ್ಲೋ ಇಂಥವು ಒಂದೇ ಕಡೆ ಬಿದ್ದಿದ್ದರೆ ತಲೆ ಎತ್ತಿ ನೇರ ಮೇಲೆ ನೋಡಿ. ಅಲ್ಲೊಂದು ಸಂದಿ ಇರುತ್ತದೆ, ಸಂದಿಯೊಳಗೆ ಮನೆಯೊಡೆಯರು ಇರುತ್ತಾರೆ.

ಇನ್ನು ಪೊರೆ. ಹಾವು ಸಾಮಾನ್ಯವಾಗಿ ಪೊರೆಯನ್ನು ಒಂದೇ ತುಂಡಾಗಿ ಕಳಚುತ್ತದೆ. ಹಲ್ಲಿ ಬಳಗದ ಬಹುಪಾಲು ಜಾತಿಗಳದ್ದು ಚೂರುಚೂರಾಗಿ ಬರುತ್ತದೆ. ಗೋಡೆ ಹಲ್ಲಿ ಅದನ್ನೂ ಬಿಡುವುದಿಲ್ಲ, ಬಾಯಲ್ಲಿ ಎಳೆದು ತಿಂದುಬಿಡುತ್ತದೆ. ಹಾಗಾಗಿ ಅದರ ಪೊರೆ ಸಿಕ್ಕುವುದು ಅಪರೂಪ, ಪೊರೆ ಬಿಡುವಾಗಲೇ ಸಿಕ್ಕರೆ ಒಳ್ಳೆ ಫೋಟೋ. ಮೈ ಮಂಕಾಗಿ, ಬೂದಿ ಬಳಿದ ಹಾಗೆ ಕಂಡರೆ ಹತ್ತಿರದಲ್ಲೇ ಪೊರೆ ಬಿಡಲಿದೆ ಅಂತ ತಿಳಿಯಿರಿ.

ಹಾವುರಾಣಿಗೆ ಕಣ್ಣಿಗಿಂತ ಕಿವಿ ಬೇಕು. ತರಗೆಲೆಯಲ್ಲಿ ಸರಸರ ಅಂತ ಒಂದು ಸದ್ದು, ಆಮೇಲೆ ಗಪ್‌ಚುಪ್, ಮತ್ತೆ ಸರಸರ. ಸದ್ದು ನಿಂತ ಜಾಗವನ್ನೇ ದಿಟ್ಟಿಸಿ. ಮೊದಲು ಕಾಣುವುದು ಎಲೆಗಳ ನಡುವೆ ಎಣ್ಣೆ ಹಚ್ಚಿದ ಹಾಗೆ ಮಿರುಗುವ ಒಂದು ಸಣ್ಣ ಪಟ್ಟಿ. ಸ್ವಲ್ಪ ಹೊತ್ತಿನ ಮೇಲೆ ಅದಕ್ಕೊಂದು ಕಣ್ಣಿದೆ ಅಂತ ಗೊತ್ತಾಗುತ್ತದೆ.

ಹತ್ತಿರ ಹೋಗುವ ವಿಷಯಕ್ಕೆ ಬರೋಣ. ಎಲ್ಲರೂ ಎಡವುವುದು ಇಲ್ಲೇ.

ಹಲ್ಲಿ ನಿಮ್ಮನ್ನು ನೋಡಿಯೇ ಇರುತ್ತದೆ, ನೀವು ಅದನ್ನು ನೋಡುವುದಕ್ಕಿಂತ ಬಹಳ ಮುಂಚೆ. ಕದ್ದು ಹೋಗುತ್ತಿದ್ದೇನೆ ಅನ್ನುವ ಭ್ರಮೆ ಬೇಡ. ಅದು ಲೆಕ್ಕ ಹಾಕುತ್ತಿರುವುದು ನೀವು ಇದ್ದೀರೋ ಇಲ್ಲವೋ ಅಂತಲ್ಲ, ನಿಮ್ಮಿಂದ ಅಪಾಯ ಎಷ್ಟು ಅಂತ. ಬೇಟೆಗಾರ ಎಷ್ಟು ದೂರಕ್ಕೆ ಬಂದಾಗ ಪ್ರಾಣಿ ಓಡುತ್ತದೆ ಅನ್ನುವುದನ್ನು ಜೀವಶಾಸ್ತ್ರದವರು ಹಲ್ಲಿ ಬಳಗದಲ್ಲಿ ತುಂಬಾ ಅಳೆದಿದ್ದಾರೆ. ಅದರಿಂದ ನಮಗೆ ಬೇಕಾದ ಕೆಲವು ಮಾತು ಸಿಗುತ್ತದೆ. ವೇಗವಾಗಿ ಬಂದರೆ ಬೇಗ ಓಡುತ್ತದೆ. ನೇರ ಅದರ ಕಡೆಗೇ ಬಂದರೆ ಬೇಗ ಓಡುತ್ತದೆ. ಅವಿತುಕೊಳ್ಳುವ ಸಂದಿಯಿಂದ ದೂರ ಇದ್ದಷ್ಟೂ ಬೇಗ ಓಡುತ್ತದೆ.

ಈ ಕೊನೆಯದನ್ನು ಗಮನಿಸಿ. ಬಯಲಿನಲ್ಲಿ ಒಂಟಿಯಾಗಿ ಕೂತಿರುವ ಹಲ್ಲಿ ಕಂಡಾಗ ಸುಲಭವಾಗಿ ಸಿಕ್ಕಿತು ಅಂತ ಖುಷಿಪಡುತ್ತೇವೆ. ಅದು ಓಡಲು ತುದಿಗಾಲಲ್ಲಿ ನಿಂತಿರುತ್ತದೆ. ಬಿರುಕಿನ ಬಾಯಲ್ಲೇ ಕೂತಿರುವುದು ಮಾತ್ರ, ಬೇಕಾದಾಗ ಒಳಗೆ ಹೋದರಾಯಿತು ಅನ್ನುವ ಧೈರ್ಯದಲ್ಲಿ ನಿಮ್ಮನ್ನು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತದೆ. ಚಳಿಯಲ್ಲಿ ಜಡವಾಗಿರುತ್ತದೆ, ಆಗ ಆರಾಮಾಗಿ ತೆಗೆಯಬಹುದು ಅನ್ನುವುದೂ ಅಷ್ಟೇ. ಕಾಲಿಗೆ ಕಸುವಿಲ್ಲ ಅಂತ ಅದಕ್ಕೇ ಗೊತ್ತಿರುವುದರಿಂದ ಎಷ್ಟೋ ಜಾತಿಗಳು ಮೈ ತಣ್ಣಗಿದ್ದಾಗ ಇನ್ನೂ ಬೇಗ ಜಾಗ ಖಾಲಿ ಮಾಡುತ್ತವೆ. ಅದು ಮೈ ಕಾಯಿಸಿಕೊಳ್ಳುವ ತನಕ ನೀವೂ ಕಾಯಿರಿ.

ಹಾಗಾಗಿ ನಾನು ಹೋಗುವುದು ಓರೆಯಾಗಿ. ಪಕ್ಕದ ಗಿಡ ನೋಡಲು ಬಂದವನ ಹಾಗೆ. ಎರಡು ಹೆಜ್ಜೆ, ಒಂದು ನಿಲುಗಡೆ. ಹಲ್ಲಿಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ನಿಂತು ಹೋಗುವುದಕ್ಕಿಂತ ಕುಕ್ಕರಗಾಲಲ್ಲಿ ಕೂತು ಸರಿಯುವುದು ವಾಸಿ, ಆಕಾರ ಸಣ್ಣದಾಗುತ್ತದೆ. ದೂರದಿಂದಲೇ ಒಂದು ಫೋಟೋ ತೆಗೆದುಕೊಂಡಿರುತ್ತೇನೆ, ಹೇಗಾದರೂ ಇರಲಿ ಅಂತ. ಅದು ಹುಳದ ಕಡೆ ಗಮನ ಕೊಟ್ಟಾಗ ಮುಂದೆ ಸರಿಯುತ್ತೇನೆ. ತಲೆ ಎತ್ತಿ ಓರೆ ಮಾಡಿದರೆ, ಮೈ ನೆಲಕ್ಕೆ ಒತ್ತಿಕೊಂಡರೆ, ಬಾಲದ ತುದಿ ಅಲುಗಿದರೆ ಅಲ್ಲೇ ನಿಲ್ಲುತ್ತೇನೆ. ಅದು ಮತ್ತೆ ಸಡಿಲವಾದ ಮೇಲೆಯೇ ಮುಂದಿನ ಹೆಜ್ಜೆ.

ನೆರಳು ಬೀಳಿಸಬೇಡಿ. ಇದು ಬರೀ ಬೆಳಕಿನ ಮಾತಲ್ಲ. ಓತಿಕ್ಯಾತದ ತಲೆಯನ್ನು ಮೇಲಿನಿಂದ ನೋಡಿ. ಎರಡು ಕಣ್ಣಿನ ನಡುವಿನಿಂದ ಸ್ವಲ್ಪ ಹಿಂದೆ, ಒಂದು ಹುರುಪೆಯ ನಡುವೆ ಸಾಸಿವೆಗಿಂತ ಸಣ್ಣ ಮಸುಕು ಚುಕ್ಕೆ ಕಾಣುತ್ತದೆ. ಅದು ಮೂರನೇ ಕಣ್ಣು. ಸುಮ್ನೆ ಹೇಳುತ್ತಿಲ್ಲ, ಅದಕ್ಕೆ ತನ್ನದೇ ಲೆನ್ಸ್, ಬೆಳಕು ಗ್ರಹಿಸುವ ಪದರ ಎರಡೂ ಇವೆ. ಚಿತ್ರ ಕಾಣುವುದಿಲ್ಲ, ಬೆಳಕು ಹೆಚ್ಚಾಯಿತೋ ಕಮ್ಮಿಯಾಯಿತೋ ಅಷ್ಟು ತಿಳಿಯುತ್ತದೆ. ಓತಿಕ್ಯಾತಕ್ಕೂ ಬಹಳಷ್ಟು ಹಾವುರಾಣಿಗಳಿಗೂ ಇದು ಇದೆ, ಗೋಡೆ ಹಲ್ಲಿಗೆ ಇಲ್ಲ. ಅಂದಹಾಗೆ, ಮೇಲಿನಿಂದ ಫೋಟೋ ತೆಗೆಯಲು ಒಳ್ಳೆಯ ಕಾರಣ ಅಂತ ನನಗೆ ಕಂಡಿರುವುದು ಈ ಚುಕ್ಕೆ ಒಂದೇ. ಉಳಿದಂತೆ ಹಲ್ಲಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ನೆಲದಲ್ಲಿ ಮಲಗಿ, ಮೊಣಕೈ ಊರಿ. ಬಟ್ಟೆ ಕೊಳೆಯಾಗುತ್ತದೆ, ಆಗಲಿ.

ಬಟ್ಟೆ ಅಂದಾಗ ನೆನಪಾಯಿತು. ಬಣ್ಣದ ಬಗ್ಗೆ ಯಾವಾಗಲೂ ಯಾರಾದರೂ ಕೇಳುತ್ತಾರೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಬಣ್ಣದ ಅಂಗಿ ತೊಟ್ಟು ಉತ್ತರ ಅಮೆರಿಕದ ವೆಸ್ಟರ್ನ್ ಫೆನ್ಸ್ ಲಿಜರ್ಡ್ ಹತ್ತಿರ ಹೋಗಿ ನೋಡಿದರು. ಕಡು ನೀಲಿ ಅಂಗಿಯವರನ್ನು ಅವು ಉಳಿದವರಿಗಿಂತ ಹತ್ತಿರಕ್ಕೆ ಬಿಟ್ಟುಕೊಂಡವು. ಆ ಜಾತಿಯ ಹೊಟ್ಟೆಯ ಮೇಲೂ ನೀಲಿ ಇದೆ, ತಮ್ಮತಮ್ಮಲ್ಲಿ ಸನ್ನೆ ಮಾಡಲು ಅದನ್ನು ಬಳಸುತ್ತವೆ. ಹಾಗಂತ ಎಲ್ಲ ಹಲ್ಲಿಗೂ ನೀಲಿ ಅಂಗಿ ಅಂತ ಹೊರಡಬೇಡಿ. ನನ್ನ ಸಲಹೆ ಇಷ್ಟೇ, ಒಂದೇ ಹಿತ್ತಲಿನಲ್ಲಿ ಮತ್ತೆ ಮತ್ತೆ ಕೂರುವವರು ಒಂದೇ ಥರದ ಬಟ್ಟೆಯಲ್ಲಿ ಕೂರಿ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೇಳುವವರು ಬೇಕಾದಷ್ಟು ಜನ ಇದ್ದಾರೆ. 100 ಮಿಲಿಮೀಟರ್ ಆಸುಪಾಸಿನ ಮ್ಯಾಕ್ರೋ ಲೆನ್ಸ್ ಇದ್ದರೆ ಬಹಳ ಚೆನ್ನ. ಆದರೆ ಪೂರ್ತಿ ಹಿಗ್ಗಿಸಿ, ಅಂದರೆ ಕ್ಯಾಮೆರಾ ಸೆನ್ಸರ್ ಮೇಲೆ ಬೀಳುವ ಚಿತ್ರ ನಿಜದ ಅಳತೆಯಷ್ಟೇ ಇರುವಂತೆ ತೆಗೆಯಬೇಕಾದರೆ ಲೆನ್ಸಿನ ತುದಿ ಹಲ್ಲಿಯಿಂದ ಒಂದು ಗೇಣಿಗಿಂತಲೂ ಹತ್ತಿರ ಹೋಗಬೇಕು. ಎಷ್ಟು ಹಲ್ಲಿ ಒಪ್ಪುತ್ತವೆ ಹೇಳಿ? ಒಪ್ಪಿದರೂ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್ 8ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಕಣ್ಣು ಸಿಕ್ಕರೆ ಮೂಗು ಮಸುಕು. ಅದಕ್ಕೇ ಅರ್ಧ ಹಿಗ್ಗಿಸಿ ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದು ಜಾಣತನ. ಬೇರೇನು ಮಸುಕಾದರೂ ಪರವಾಗಿಲ್ಲ, ಕಣ್ಣು ಮಾತ್ರ ಚೂಪಾಗಿರಬೇಕು.

ಫೋನಿನಲ್ಲಿ ತೆಗೆಯುವವರಿಗೆ ಒಂದು ಮಾತು. ಬಹಳಷ್ಟು ಫೋನುಗಳ ಮ್ಯಾಕ್ರೋ ಮೋಡ್ ಅಗಲ ಕೋನದ ಲೆನ್ಸನ್ನೇ ಬಳಸುತ್ತದೆ, ಹಾಗಾಗಿ ಕೆಲವೇ ಸೆಂಟಿಮೀಟರ್ ಹತ್ತಿರ ಹೋಗಬೇಕಾಗುತ್ತದೆ. ಮಿಡತೆ, ಅಣಬೆಗೆ ಸರಿ, ಹಲ್ಲಿಗೆ ಅಲ್ಲ. ಎರಡು ಪಟ್ಟು, ಮೂರು ಪಟ್ಟು ಜೂಮ್ ಇರುವ ಲೆನ್ಸ್ ಇದ್ದರೆ ಅದರಲ್ಲಿ ಸ್ವಲ್ಪ ದೂರದಿಂದ ತೆಗೆಯಿರಿ. ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಬಿಳಿ ಗೋಡೆಯ ಮೇಲಿನ ಹಲ್ಲಿ ಕಪ್ಪಗೆ ಬರುತ್ತದೆ, ಆಗ ಬೆಳಕು ಸ್ವಲ್ಪ ಏರಿಸಿ. ಕರಿ ಮಣ್ಣಿನ ಮೇಲಿದ್ದರೆ ಇಳಿಸಿ.

ಓತಿಕ್ಯಾತದ ಗಂಡು ದಂಡ ಹೊಡೆಯುವುದನ್ನು ನೋಡಿದ್ದೀರಲ್ಲ? ಮುಂಗಾಲ ಮೇಲೆ ಮೈ ಎತ್ತಿ ಇಳಿಸುತ್ತದೆ, ಗಂಟಲು ಉಬ್ಬಿಸುತ್ತದೆ. ಮರಿ ಮಾಡುವ ಕಾಲದಲ್ಲಿ ತಲೆ, ಗಂಟಲು, ಭುಜ ಎಲ್ಲ ಕೆಂಪೇರಿರುತ್ತದೆ, ಗಂಟಲ ಪಕ್ಕದಲ್ಲಿ ಕಪ್ಪು ಮಚ್ಚೆ. ಇನ್ನೊಂದು ಗಂಡಿಗೆ ಇದು ನನ್ನ ಜಾಗ ಅಂತ ಹೇಳುವ ರೀತಿ ಅದು. ಇದಕ್ಕೆ ಶಟರ್ ವೇಗ 1/500 ಸೆಕೆಂಡಿಗಿಂತ ನಿಧಾನ ಇಡಬೇಡಿ, ಒಂದರ ಹಿಂದೆ ಒಂದು ತೆಗೆಯುತ್ತಾ ಹೋಗಿ. ಇನ್ನೊಂದು ಕಾರಣಕ್ಕೂ ಹಾಗೆ ಮಾಡಬೇಕು. ಓತಿಕ್ಯಾತಕ್ಕೆ ಕಣ್ಣಿನ ರೆಪ್ಪೆ ಇದೆ, ಅದು ಮುಚ್ಚುವುದು ಕೆಳಗಿನಿಂದ ಮೇಲಕ್ಕೆ. ಒಂದೇ ಒಂದು ಫೋಟೋ ತೆಗೆದು ಎದ್ದು ಬಂದರೆ ಮನೆಗೆ ಬಂದ ಮೇಲೆ ಅರೆಗಣ್ಣಿನ ಓತಿಕ್ಯಾತ ಸಿಗುತ್ತದೆ.

ಗೋಡೆ ಹಲ್ಲಿಗೆ ಆ ತಾಪತ್ರಯವೇ ಇಲ್ಲ. ರೆಪ್ಪೆ ಇಲ್ಲದ ಕಣ್ಣು, ಮೇಲೆ ಪಾರದರ್ಶಕ ಪೊರೆ. ಧೂಳು ಕೂತರೆ ನಾಲಿಗೆ ಚಾಚಿ ಒರೆಸಿಕೊಳ್ಳುತ್ತದೆ. ಒಂದು ಹುಳ ನುಂಗಿದ ಮೇಲೆ ಹೀಗೆ ನೆಕ್ಕಿಕೊಳ್ಳುವುದುಂಟು, ಆಗ ಕ್ಯಾಮೆರಾ ಕೆಳಗಿಳಿಸಬೇಡಿ.

ಗೋಡೆ ಹಲ್ಲಿಯ ಕಣ್ಣನ್ನು ಹಗಲಲ್ಲಿ ಹತ್ತಿರದಿಂದ ತೆಗೆದರೆ ಪಾಪೆ ನಿಂತ ಗೆರೆಯ ಹಾಗೆ ಕಾಣುತ್ತದೆ, ಅಂಚು ಅಂಕುಡೊಂಕು. ಬೆಳಕು ತೀರಾ ಜಾಸ್ತಿಯಾದಾಗ ಆ ಗೆರೆಯೂ ಮುಚ್ಚಿಕೊಂಡು ಒಂದರ ಕೆಳಗೊಂದು ಸೂಜಿಮೊನೆಯಷ್ಟು ತೂತುಗಳು ಮಾತ್ರ ಉಳಿಯುತ್ತವೆ. ರಾತ್ರಿ ಅದೇ ಪಾಪೆ ಅರಳಿ ದುಂಡಗಾಗುತ್ತದೆ. ಒಂದೇ ಹಲ್ಲಿಯ ಎರಡೂ ಚಿತ್ರ ತೆಗೆದು ಅಕ್ಕಪಕ್ಕ ಇಡಿ, ಎರಡು ಬೇರೆ ಪ್ರಾಣಿ ಅನ್ನಿಸುತ್ತದೆ. ಈ ಕಣ್ಣು ಎಷ್ಟು ಸೂಕ್ಷ್ಮ ಅಂದರೆ, ಹೆಲ್ಮೆಟ್ ಗೆಕ್ಕೋ ಅನ್ನುವ ಹಲ್ಲಿ ಮಂದ ಬೆಳದಿಂಗಳಿನಷ್ಟು ಬೆಳಕಲ್ಲೂ ಬಣ್ಣಗಳನ್ನು ಬೇರೆ ಮಾಡಿ ಗುರುತಿಸುತ್ತದೆ ಅಂತ 2004ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಅಷ್ಟು ಬೆಳಕಲ್ಲಿ ನಮಗೆ ಎಲ್ಲವೂ ಬೂದು. ಅಂಥ ಕಣ್ಣಿಗೆ ಪಟಪಟ ಅಂತ ಫ್ಲಾಶ್ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ. ಒಂದೆರಡಕ್ಕೆ ನಿಲ್ಲಿಸಿ. ಫ್ಲಾಶ್ ಮುಂದೆ ತೆಳು ಬಿಳಿ ಬಟ್ಟೆಯನ್ನೋ ಟ್ರೇಸಿಂಗ್ ಕಾಗದವನ್ನೋ ಇಡಿ. ನೇರವಾಗಿ ಹೊಡೆದರೆ ಹಲ್ಲಿ ಚಪ್ಪಟೆ, ಗೋಡೆಯ ಮೇಲೆ ಕರಿ ನೆರಳು. ಪಕ್ಕದಿಂದ ಬೆಳಕು ಬಂದರೆ ಮೈಮೇಲಿನ ಗುಳ್ಳೆಗಳೆಲ್ಲ ಎದ್ದು ಕಾಣುತ್ತವೆ. ಹಾವುರಾಣಿಗಂತೂ ಬರೀ ಫ್ಲಾಶ್ ಬೇಡವೇ ಬೇಡ, ಆ ನುಣುಪು ಮೈ ಕನ್ನಡಿಯಂತೆ ಹೊಳೆದು ಅರ್ಧ ಚಿತ್ರ ಬೆಳ್ಳಗಾಗುತ್ತದೆ.

ರಾತ್ರಿ ಹಲ್ಲಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಕಿಟಕಿಯ ಗಾಜು. ಒಳಗೆ ದೀಪ ಹಾಕಿ, ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಹಲ್ಲಿ ಬರುತ್ತದೆ. ನೀವು ಮನೆಯೊಳಗೆ ಕುರ್ಚಿ ಹಾಕಿಕೊಂಡು ಕೂರಬಹುದು. ಗಾಜಿನ ಈ ಕಡೆಯಿಂದ ಸಿಗುವುದು ಅದರ ಹೊಟ್ಟೆ ಮತ್ತು ಪಾದ. ಪಾದ ನೋಡಿ. ಪ್ರತಿ ಬೆರಳಿನ ಅಡಿಯಲ್ಲಿ ಅಡ್ಡಡ್ಡ ಬಿಳಿ ಪಟ್ಟಿಗಳು. ಕೆಲವು ಜಾತಿಗಳಲ್ಲಿ ಆ ಪಟ್ಟಿ ಇಡಿಯಾಗಿರುತ್ತದೆ, ಕೆಲವದರಲ್ಲಿ ನಡುವೆ ಸೀಳಿ ಜೋಡಿಯಾಗಿರುತ್ತದೆ. ಯಾವ ಜಾತಿ ಅಂತ ಗುರುತಿಸುವವರು ಮೊದಲು ಕೇಳುವ ವಿವರಗಳಲ್ಲಿ ಇದೂ ಒಂದು, ಗಾಜಿಲ್ಲದಿದ್ದರೆ ಹಲ್ಲಿಯನ್ನು ಹಿಡಿದೇ ನೋಡಬೇಕು. ಗಂಡಾದರೆ ಕೆಲವು ಜಾತಿಗಳಲ್ಲಿ ತೊಡೆಯ ಅಡಿ ಸಾಲಾಗಿ ಸಣ್ಣ ರಂಧ್ರಗಳು ಕಾಣುತ್ತವೆ. ಹೆಣ್ಣಿನ ಹೊಟ್ಟೆಯಲ್ಲಿ ಎರಡು ಬಿಳಿ ಮೊಟ್ಟೆ ಚರ್ಮದ ಮೂಲಕವೇ ಕಾಣುವುದೂ ಉಂಟು.

ಆ ಬಿಳಿ ಪಟ್ಟಿಯಲ್ಲಿ ಏನಿದೆ ಅಂತ ಕ್ಯಾಮೆರಾಗೆ ಕಾಣುವುದಿಲ್ಲ. ಟೋಕೇ ಅನ್ನುವ ದೊಡ್ಡ ಹಲ್ಲಿಯ ಒಂದು ಪಾದದಲ್ಲಿ ಹತ್ತಿರ ಹತ್ತಿರ 5 ಲಕ್ಷ ಸೂಕ್ಷ್ಮ ಕೂದಲು, ಪ್ರತಿ ಕೂದಲಿನ ತುದಿಯಲ್ಲಿ ನೂರಾರು ಕವಲು. 2000ದಲ್ಲಿ ಒಂದೇ ಕೂದಲಿನ ಬಲ ಅಳೆದರು. 2002ರಲ್ಲಿ, ಇದರಲ್ಲಿ ಅಂಟೂ ಇಲ್ಲ, ಹೀರುವುದೂ ಇಲ್ಲ, ಅಣುಗಳ ನಡುವಿನ ವ್ಯಾನ್ ಡರ್ ವಾಲ್ಸ್ ಸೆಳೆತ ಅಂತ ತೋರಿಸಿದರು. ನಮಗೆ ಫೋಟೋದಲ್ಲಿ ಸಿಗುವುದು ಅದರ ಇನ್ನೊಂದು ಮುಖ. ಅಷ್ಟು ಬಿಗಿಯಾಗಿ ಹಿಡಿದ ಪಾದವನ್ನು ಬಿಡಿಸಿಕೊಳ್ಳುವುದು ಹೇಗೆ? ಹಲ್ಲಿ ಹೆಜ್ಜೆ ಎತ್ತುವಾಗ ಬೆರಳಿನ ತುದಿ ಮೊದಲು ಹಿಮ್ಮುಖವಾಗಿ ಮೇಲಕ್ಕೆ ಸುರುಳಿಯಾಗುತ್ತದೆ, ಆಮೇಲೆ ಉಳಿದದ್ದು ಸಿಪ್ಪೆ ಸುಲಿದಂತೆ ಬಿಡುತ್ತದೆ. ನಮ್ಮ ಬೆರಳು ಆ ಕಡೆಗೆ ಮಡಚುವುದೇ ಇಲ್ಲ. ಗಾಜಿನ ಮೇಲೆ ನಡೆಯುವಾಗ ಒಂದಷ್ಟು ತೆಗೆಯಿರಿ, ಹಾಗೆ ಸುರುಳಿಯಾದ ಬೆರಳು ಒಂದಲ್ಲ ಒಂದು ಚಿತ್ರದಲ್ಲಿ ಸಿಕ್ಕೇ ಸಿಗುತ್ತದೆ. ಗಾಜಿಗೆ ಲೆನ್ಸನ್ನು ನೇರ ಹಿಡಿಯಿರಿ, ಓರೆ ಬೇಡ. ಆಗ ನಾಲ್ಕೂ ಪಾದ ಒಂದೇ ಫೋಕಸ್‌ನಲ್ಲಿ ಬರುತ್ತವೆ. ಗಾಜು ಒರೆಸಿ ಅಂತ ನಾನು ಹೇಳಬೇಕಾಗಿಲ್ಲ.

ಈಗ ಬಾಲ. ಹಲ್ಲಿಯನ್ನು ಹಿಡಿಯಬೇಡಿ ಅಂತ ನಾನು ಹಟ ಮಾಡುವುದು ಇದಕ್ಕೇ.

ಗೋಡೆ ಹಲ್ಲಿ, ಹಾವುರಾಣಿ ಇವುಗಳ ಬಾಲದ ಮೂಳೆಗಳಲ್ಲಿ ಮೊದಲೇ ಮುರಿಯಲು ಸಿದ್ಧವಾದ ಗೆರೆಗಳಿರುತ್ತವೆ. ಎರಡು ಮೂಳೆಗಳ ನಡುವೆ ಅಲ್ಲ, ಒಂದೊಂದು ಮೂಳೆಯ ಒಳಗೇ. ಅಪಾಯ ಬಂದಾಗ ಸ್ನಾಯು ಬಿಗಿದು ಅಲ್ಲೇ ಕಳಚುತ್ತದೆ, ರಕ್ತನಾಳ ಮುಚ್ಚಿಕೊಳ್ಳುವುದರಿಂದ ರಕ್ತ ಅಷ್ಟಾಗಿ ಬರುವುದಿಲ್ಲ. 2022ರಲ್ಲಿ ಆ ಮುರಿದ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಅಣಬೆಯಾಕಾರದ ಪುಟ್ಟ ಕಂಬಗಳ ಸಾಲು ಕಂಡಿತು. ಸುಮ್ಮನೆ ಎಳೆದರೆ ಬಿಡದ ಹಾಗೆ, ಆದರೆ ಬಗ್ಗಿಸಿದರೆ ತಟ್ಟನೆ ಬಿಡುವ ಹಾಗೆ ಅವು ಹಿಡಿದುಕೊಂಡಿರುತ್ತವೆ. ಬಿದ್ದ ಬಾಲ ಕೆಲವು ನಿಮಿಷ ಒದ್ದಾಡುತ್ತದೆ, ಶತ್ರುವಿನ ಕಣ್ಣು ಅದರ ಮೇಲೆ. ಹಲ್ಲಿ ಪಾರು. ಕೆಲವು ಹಾವುರಾಣಿಗಳ ಮರಿಗೆ ಬಾಲ ಮಾತ್ರ ಕಡು ನೀಲಿಯೋ ಕೆಂಪೋ ಇರುವುದು ಇದಕ್ಕೇ. ಹೊಡೆದರೆ ಇಲ್ಲಿ ಹೊಡಿ ಅಂತ ತೋರಿಸಿದ ಹಾಗೆ.

ಆದರೆ ಇದು ಪುಕ್ಕಟೆ ಅಲ್ಲ. ಬಾಲದಲ್ಲಿ ಕೊಬ್ಬು ಕೂಡಿಟ್ಟಿರುತ್ತದೆ, ಅದೆಲ್ಲ ಹೋಯಿತು. ಹೊಸ ಬಾಲ ಬೆಳೆಸಲು ತಿಂದದ್ದರಲ್ಲಿ ಪಾಲು ಹೋಗುತ್ತದೆ. ಹೊಸ ಬಾಲದೊಳಗೆ ಮೂಳೆಯ ಬದಲು ಮೆಲುಮೂಳೆಯ ಕೊಳವೆ. ಹುರುಪೆಯ ಸಾಲು, ಬಣ್ಣ, ಪಟ್ಟೆ ಹಳೆಯದಕ್ಕೆ ಸರಿಹೊಂದುವುದಿಲ್ಲ. ನಿಮ್ಮ ಹಿತ್ತಲಿನ ಹಲ್ಲಿಗಳ ಬಾಲ ನೋಡಿ. ಎಲ್ಲೋ ಒಂದು ಕಡೆ ಪಟ್ಟೆ ನಿಂತು, ಅಲ್ಲಿಂದ ಮುಂದೆ ನುಣ್ಣಗೆ ಬೋಳಾಗಿದ್ದರೆ ಅದು ಎರಡನೇ ಬಾಲ. ಓತಿಕ್ಯಾತಕ್ಕೆ ಈ ಸವಲತ್ತು ಇಲ್ಲ, ಅದರ ಬಾಲ ಹೋದರೆ ಹೀಗೆ ಮತ್ತೆ ಬೆಳೆಯುವುದಿಲ್ಲ.

ಫೋಟೋ ತೆಗೆಯುವವರಿಗೆ ಇದರಿಂದ ಲಾಭವೂ ಇದೆ. ಬಾಲ ಎಲ್ಲಿ ಮುರಿದಿದೆ, ಗಂಟಲ ಮೇಲೆ ಚುಕ್ಕೆ ಹೇಗಿದೆ, ಯಾವ ಬೆರಳು ಇಲ್ಲ, ಇಷ್ಟು ಸಾಕು, ಹಲ್ಲಿಯನ್ನು ಹಲ್ಲಿಯಿಂದ ಬೇರೆ ಮಾಡಿ ಗುರುತಿಸಬಹುದು. ನನಗೆ ಒಂದೇ ಹಲ್ಲಿಯ ಸಾಧಾರಣ ಫೋಟೋಗಳ ಸರಣಿ, ಯಾವುದೋ ಹಲ್ಲಿಯ ಒಂದು ಅದ್ಭುತ ಫೋಟೋಗಿಂತ ಜಾಸ್ತಿ ಇಷ್ಟ. ಸ್ಪರ್ಧೆಗಳಲ್ಲಿ ಇದಕ್ಕೆ ಬಹುಮಾನ ಬರುವುದಿಲ್ಲ ಅನ್ನುವುದು ಬೇರೆ ಮಾತು. ಮೂಲಬಾಲ ಇದ್ದಾಗ, ಮೋಟಾದಾಗ, ಹೊಸದು ಅರ್ಧ ಬೆಳೆದಾಗ, ಹೀಗೆ ಕ್ರಮವಾಗಿ ತೆಗೆದವರ ಹತ್ತಿರ ನಿಜವಾದ ದಾಖಲೆ ಇರುತ್ತದೆ.

ಒಂದು ಕೆಟ್ಟ ಅಭ್ಯಾಸದ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಹಲ್ಲಿಯನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು, ಜಡವಾದ ಮೇಲೆ ಹೂವಿನ ಮೇಲೆ ಕೂರಿಸಿ ಫೋಟೋ ತೆಗೆಯುವವರಿದ್ದಾರೆ. ಅಂಥ ಚಿತ್ರ ಎದ್ದು ಕಾಣುತ್ತದೆ. ಬಿಸಿಲಿನ ಕಡೆ ತಿರುಗಿರುವುದಿಲ್ಲ, ಕಾಲು ಅಸಹಜವಾಗಿ ಮಡಚಿರುತ್ತದೆ. ಅದು ಪ್ರಾಣಿಹಿಂಸೆ, ಫೋಟೋಗ್ರಫಿ ಅಲ್ಲ. ರಾತ್ರಿ ಕಡ್ಡಿಯ ತುದಿಯಲ್ಲಿ ಮಲಗಿದ ಓತಿಕ್ಯಾತದ ವಿಷಯದಲ್ಲೂ ಹುಷಾರು. ಅದು ತೆಳು ಕೊಂಬೆ ಆರಿಸಿಕೊಂಡು ಮಲಗುವುದೇ, ಹಾವು ಹತ್ತಿದರೆ ಕೊಂಬೆ ಅಲುಗಿ ಎಚ್ಚರವಾಗಲಿ ಅಂತ. ನೀವು ಕೊಂಬೆ ಸರಿಸಿದರೆ ಅದು ಕತ್ತಲಲ್ಲಿ ಕೆಳಗೆ ಬೀಳುತ್ತದೆ. ಕೊಂಬೆ ಮುಟ್ಟದೆ ಒಂದು ಫೋಟೋ ತೆಗೆದು ಬನ್ನಿ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೆಯೇ ವಾಪಸ್ ಇಡಿ, ಅದರ ಕೆಳಗಿನ ತೇವ, ಸಂದಿ ಎಲ್ಲ ಯಾರದೋ ಮನೆ.

ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳು.

ಹಲ್ಲಿ ವಿಷವಲ್ಲವೇ ಅಂತ ಒಬ್ಬರು ಕೇಳಿದರು. ಅಲ್ಲ. ಗೋಡೆ ಹಲ್ಲಿ, ಓತಿಕ್ಯಾತ, ಹಾವುರಾಣಿ ಯಾವುದಕ್ಕೂ ವಿಷದ ಹಲ್ಲಿಲ್ಲ. ಕಚ್ಚಿದರೆ ಮನುಷ್ಯನಿಗೆ ತೊಂದರೆಯಾಗುವಷ್ಟು ವಿಷ ಇರುವುದಕ್ಕೆ ಹೆಸರಾದವು ಗಿಲಾ ಮಾನ್‌ಸ್ಟರ್ ಮತ್ತು ಅದರ ಹತ್ತಿರದ ನೆಂಟ ಬೀಡೆಡ್ ಲಿಜರ್ಡ್. ಆದರೆ ಹಲ್ಲಿಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಹಿಕ್ಕೆ ಹುಡುಕಲು ಹೋದವರು ಸೋಪು ಹಾಕಿ ಕೈ ತೊಳೆಯಿರಿ.

ಹಿತ್ತಲಿಗೆ ಹಲ್ಲಿಗಳು ಬರುವ ಹಾಗೆ ಮಾಡುವುದು ಹೇಗೆ? ಕೀಟನಾಶಕ ನಿಲ್ಲಿಸಿ, ಒಂದು ಮೂಲೆಯಲ್ಲಿ ತರಗೆಲೆ ಗುಡಿಸದೆ ಬಿಡಿ, ಬಿಸಿಲು ಬೀಳುವ ಕಡೆ ಕಲ್ಲು ಗುಡ್ಡೆ ಹಾಕಿ. ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸಿದರೆ ಹನಿ ನೆಕ್ಕಲು ಬರುತ್ತವೆ. ಬೆಕ್ಕು ಇದ್ದರೆ ಇದ್ಯಾವುದೂ ಅಷ್ಟು ಪ್ರಯೋಜನವಿಲ್ಲ. ಬೆಕ್ಕು ಹೊಟ್ಟೆ ತುಂಬಿದ್ದರೂ ಹಲ್ಲಿ ಹಿಡಿಯುತ್ತದೆ.

ಯಾವ ಜಾತಿ ಅಂತ ತಿಳಿಯಲು ಯಾರಿಗೆ ತೋರಿಸಬೇಕು ಅನ್ನುವುದು ಇನ್ನೊಂದು ಪ್ರಶ್ನೆ. 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್‌ನಲ್ಲಿ ಹಾಕಿ, ಅದು ಜನ ತಾವು ಕಂಡ ಜೀವಿಗಳ ಫೋಟೋ ಹಾಕಿ ಗುರುತಿಸಿಕೊಳ್ಳುವ ಜಾಲತಾಣ. ಮುದ್ದಾದ ಮುಖ ಒಂದೇ ಸಾಲದು. ತಲೆಯ ಪಕ್ಕದ ನೋಟ, ಬೆನ್ನು, ಬಾಲ, ಸಾಧ್ಯವಾದರೆ ಗಾಜಿನಿಂದ ಪಾದ, ಇಷ್ಟೂ ಇದ್ದರೆ ಗುರುತಿಸುವವರಿಗೆ ಸುಲಭ. ಅಪಾಯದಲ್ಲಿರುವ ಜಾತಿಗಳ ಜಾಗವನ್ನು ಅದು ತಾನೇ ಮಸುಕು ಮಾಡುತ್ತದೆ. ಆದರೆ ನಿಮ್ಮ ಹಿತ್ತಲು ಅಂದರೆ ನಿಮ್ಮ ಮನೆ ವಿಳಾಸ ಅಲ್ವಾ? ಸಾಮಾನ್ಯ ಹಲ್ಲಿಗೂ ಜಾಗ ಮಸುಕು ಮಾಡುವ ಆಯ್ಕೆ ಇದೆ, ಅದನ್ನು ನೀವೇ ಒತ್ತಬೇಕು. ಹಾಗೆಯೇ ಕ್ಯಾಮೆರಾದ ಗಡಿಯಾರ ಸರಿ ಇದೆಯಾ ನೋಡಿಕೊಳ್ಳಿ. ಯಾವ ಹೊತ್ತಿಗೆ ಯಾವ ಗೋಡೆಗೆ ಬಂತು ಅನ್ನುವುದು ಫೋಟೋ ಜೊತೆಗೇ ದಾಖಲಾಗುತ್ತದೆ, ಮತ್ತೆ ಎಲ್ಲಿ ಕಾಯಬೇಕು ಅಂತ ಹುಡುಕುವ ಕೆಲಸ ಕಮ್ಮಿಯಾಗುತ್ತದೆ.